ಬೋಳುಬಂಡೆಯ ಮೇಲೆ ಒಂಟಿಗಂಬದ ಟೆಂಟು

ಆ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಹತ್ತಿರ ನೆಟ್ಟಗೆ ನಿಲ್ಲುವ ಟೆಂಟು ಒಂದೂ ಉಳಿದಿರಲಿಲ್ಲ. ಕೊರಟಗೆರೆ ಕಡೆಯ ಒಂದು ಗುಡ್ಡದ ಮೇಲೆ ಕಾಲೇಜು ಹುಡುಗಿಯರ ಗುಂಪಿನೊಂದಿಗೆ ತಂಗಿದ್ದಾಗ ಸಂಜೆಯ ಗಾಳಿಗೆ ಗುಮ್ಮಟದ ಆಕಾರದ ಎರಡು ಟೆಂಟುಗಳ ಕಡ್ಡಿಗಳು ಲಟ್ಟನೆ ಮುರಿದು, ಬಟ್ಟೆ ಅವರ ಮೈಮೇಲೆಯೇ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಹುಡುಗಿಯರು ನಕ್ಕರು. ನನಗೆ ನಗು ಬರಲಿಲ್ಲ. ಅವರನ್ನು ಹತ್ತಿಸಿ, ಕ್ಷೇಮವಾಗಿ ಇಳಿಸುವುದು ನನ್ನ ಕೆಲಸ. ಮುಂಗಾರು ಶುರುವಾಗುವ ಮುಂಚಿನ ಗಾಳಿಮಳೆಗೆ ಮುರಿಯದಂಥ, ಬೆನ್ನಿಗೆ ಭಾರವಾಗದಂಥ ಟೆಂಟು ಬೇಕೇ ಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಮಾರನೆಯ ದಿನ ಮುರಿದ ಕಡ್ಡಿಗಳನ್ನು ಹಿಡಿದುಕೊಂಡು ಶಿರಾಕ್ಕೆ ಹೋದೆ. ಅಲ್ಲಿ ಶಾಲೆ ಬ್ಯಾಗು, ಟಾರ್ಪಾಲು ಹೊಲಿಯುವ ಚಿಕ್ಕ ಕಾರ್ಖಾನೆ ಇಟ್ಟುಕೊಂಡಿದ್ದವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಒಡಹುಟ್ಟಿದವನಲ್ಲ. ಮೊದಲ ಸಲ ಗುಂಪು ಕರೆದುಕೊಂಡು ಮಧುಗಿರಿ ಬೆಟ್ಟ ಹತ್ತುವಾಗ ನಾನು ಹೆದರಿದ್ದನ್ನು ನೋಡಿ, ಕೇಳದೆಯೇ ಜೊತೆಗೆ ಹತ್ತಿದವನು. ನಮ್ಮಪ್ಪ ತೀರಿಕೊಂಡಾಗ ಮನೆ ಮುಂದೆ ಶಾಮಿಯಾನ ಹಾಕಿಸಿ, ತಿಥಿ ಮುಗಿಯುವವರೆಗೂ ಬಂದವರಿಗೆ ನೀರು ಕೊಡುತ್ತ ನಿಂತವನು. ನನಗೆ ಗಾಬರಿಯಾದಾಗ ಮೊದಲು ಫೋನು ಹೋಗುತ್ತಿದ್ದದ್ದು ಅವನಿಗೆ.

ಅಣ್ಣ ಮುರಿದ ಕಡ್ಡಿಯನ್ನು ಬೆರಳಲ್ಲಿ ತಿರುವಿ ನೋಡಿ, "ಕಡ್ಡಿ ಇರೋ ಟೆಂಟೇ ಬ್ಯಾಡ ಬುಡು ಕಣಮ್ಮ. ನಡುವೆ ಒಂದೇ ಕಂಬ ಇಟ್ಟು ಹೊಲಿಯಾನ" ಎಂದ.

ನನ್ನ ಮನಸ್ಸಿನಲ್ಲೂ ಅದೇ ಇತ್ತು. ಪಿರಮಿಡ್ ಟೆಂಟು ಅನ್ನುತ್ತಾರೆ. ನಡುವೆ ಒಂದು ಕಂಬ, ಸುತ್ತ ನಾಲ್ಕು ಇಳಿಜಾರು ಗೋಡೆ, ಕೆಳಗೆ ನೆಲಹಾಸು ಇಲ್ಲ. ಗಾಳಿ ಯಾವ ಕಡೆಯಿಂದ ಬಂದರೂ ಇಳಿಜಾರಿಗೇ ಬಡಿದು ಮೇಲಕ್ಕೆ ಜಾರಿ ಹೋಗುತ್ತದೆ. ಬಗ್ಗುವ ಕಡ್ಡಿಯೇ ಇಲ್ಲದ ಮೇಲೆ ಮುರಿಯುವ ಮಾತೂ ಇಲ್ಲ. ಬೆಟ್ಟ ಹತ್ತುವಾಗ ಊರಿಕೊಳ್ಳುವ ಎರಡು ಕೋಲುಗಳನ್ನು ಒಂದಕ್ಕೊಂದು ಬಿಗಿದರೆ ಅದೇ ನಡುಗಂಬ. ಹಾಗಾಗಿ ಕಂಬದ ತೂಕವನ್ನು ಬೇರೆಯಾಗಿ ಹೊರಬೇಕಿಲ್ಲ. ಆರು ಮೂಲೆಯದು ಮಾಡೋಣವೆಂದು ಅಣ್ಣ ಹೇಳಿದ. ಮಳೆಯಲ್ಲಿ ಕೈ ಮರಗಟ್ಟಿದಾಗ ಆರು ಮೂಲೆ ಹುಡುಕುವುದು ಕಷ್ಟ, ನಾಲ್ಕೇ ಇರಲಿ, ಬೇಕಾದರೆ ಪ್ರತಿ ಗೋಡೆಯ ನಡುವೆ ಹಗ್ಗ ಕಟ್ಟಲು ಒಂದೊಂದು ಕುಣಿಕೆ ಹೊಲಿ ಎಂದೆ. ಒಪ್ಪಿದ. ಹೀಗೆ ಒಬ್ಬರ ಮಾತು ಒಬ್ಬರು ತಿದ್ದುತ್ತ ಮೊದಲನೆಯ ಟೆಂಟು ತಯಾರಾಯಿತು.

ಅದನ್ನು ಮದಲೂರು ಕೆರೆಯ ಅಂಗಳದಲ್ಲಿ ಹಾಕಿ ಮಲಗಿದೆ. ಬೆಳಗ್ಗೆ ಏಳುವಾಗ ಗೋಡೆ ನನ್ನ ಮೂಗಿಗೆ ತಾಗುತ್ತಿತ್ತು. ನೈಲಾನ್ ಬಟ್ಟೆ ಇಬ್ಬನಿ ಕುಡಿದು ಜೋಲು ಬಿದ್ದಿತ್ತು. ಬಿಸಿಲೇರಿದ ಮೇಲೆ ಮತ್ತೆ ಬಿಗಿಯಾಯಿತು. ಒಣಗಿದ್ದಾಗ ಎಷ್ಟು ಬಿಗಿದರೂ ನೆನೆದಾಗ ಸಡಿಲವಾಗುವ ಬಟ್ಟೆಯನ್ನು ಮಳೆಯಲ್ಲಿ ನಂಬುವುದು ಹೇಗೆ? ಪಾಲಿಯೆಸ್ಟರಿನ ಬಟ್ಟೆ, ಎರಡೂ ಮೈಗೆ ಸಿಲಿಕೋನ್ ಲೇಪವಿದ್ದದ್ದು ತರಿಸಿದೆವು. ಅದು ಅಷ್ಟು ಜೋಲಲಿಲ್ಲ. ಆದರೆ ಬಿಂದಿಗೆಯಲ್ಲಿ ನೀರು ಸುರಿದು ನೋಡಿದಾಗ ತುದಿಯ ಹೊಲಿಗೆಯಿಂದ ಹನಿಹನಿಯಾಗಿ ಇಳಿಯಿತು. ಸೂಜಿ ತೂರಿದ ಕಡೆಯಲ್ಲೆಲ್ಲ ತೂತು ತಾನೇ? ಅಣ್ಣ ಸಿಲಿಕೋನ್ ಅಂಟನ್ನು ಬಣ್ಣದ ಕುಂಚದಲ್ಲಿ ಹೊಲಿಗೆಯ ಉದ್ದಕ್ಕೂ ಬಳಿದ. ಕಂಬದ ತುದಿ ಬಟ್ಟೆಯನ್ನು ಹರಿಯದಂತೆ ಒಳಗಡೆ ಬ್ಯಾಗಿನ ತಳಕ್ಕೆ ಹಾಕುವ ದಪ್ಪ ಬಟ್ಟೆಯನ್ನು ಎರಡು ಪದರ ಕೊಟ್ಟು ಹೊಲಿದ.

ಎರಡನೆಯ ಪರೀಕ್ಷೆ ಕ್ಯಾತಗಾನಚೆರ್ಲು ಕಡೆ. ಸೋಲಾರ್ ಹಲಗೆಗಳ ಸಾಲು ಮುಗಿದ ಮೇಲೆ ಒಂದು ಬಯಲಿದೆ. ಅಡ್ಡಿಯಿಲ್ಲದ ಗಾಳಿ. ಟೆಂಟು ಎಬ್ಬಿಸಿದ ಸ್ವಲ್ಪ ಹೊತ್ತಿಗೇ ಗಾಳಿ ಬರುವ ಕಡೆಯ ಎರಡು ಗೂಟಗಳು ಸಡಿಲ ಮಣ್ಣಿನಿಂದ ಕಿತ್ತುಬಂದು, ಟೆಂಟು ಗಾಳಿಪಟದ ಹಾಗೆ ಹಾರಿತು. ನಾನು ಹಗ್ಗ ಹಿಡಿದು ಓಡಿದೆ, ಅಣ್ಣ ನನ್ನ ಹಿಂದೆ ಓಡಿದ. ಬೇಲಿ ಪಕ್ಕ ಕೂತಿದ್ದ ಕಾವಲುಗಾರ ಎದ್ದು ನಿಂತು ಕೂಗಿದ: "ಏಮ್ಮಾ, ಈ ಗಾಳಿಗೆ ಅದು ನಿಲ್ತದಾ? ವದಿಲೇಯ್, ಬುಟ್ಬುಡು!" ಮೂವರೂ ನಕ್ಕೆವು. ಮುಂದಿನ ಸಲ ಉದ್ದನೆಯ, ಮೂರು ಏಣಿನ ಗೂಟಗಳನ್ನು ತಂದೆವು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಹೊಡೆದು, ಮೇಲೆ ಒಂದೊಂದು ಕಲ್ಲು ಹೇರಿದೆವು. ಅವತ್ತು ಅದೇ ಗಾಳಿಗೆ ಟೆಂಟು ಗುಯ್ಗುಟ್ಟಿತೇ ಹೊರತು ಅಲುಗಲಿಲ್ಲ.

ಅಷ್ಟರಲ್ಲಿ ದೂರದ ಊರೊಂದರಲ್ಲಿ ಚಾರಣ ನಡೆಸುವ ಸಂಸ್ಥೆಯವರು ನಮ್ಮ ಟೆಂಟಿನ ಫೋಟೋ ನೋಡಿ ಅಣ್ಣನಿಗೆ ಫೋನ್ ಮಾಡಿದ್ದರು. ಬೇಕು, ಆದರೆ ನಿಜವಾದ ಬಿರುಗಾಳಿಯಲ್ಲಿ, ಗುಡ್ಡದ ಮೇಲೆ, ಒಳಗೆ ಮನುಷ್ಯರಿದ್ದಾಗ ನಿಂತದ್ದನ್ನು ವಿಡಿಯೋದಲ್ಲಿ ತೋರಿಸಿ ಎಂದಿದ್ದರಂತೆ. ಅಣ್ಣ ಇದನ್ನು ಹೇಳಿದಾಗಲೇ ನಾನು ಬೇಡ ಎಂದೆ.

"ಬಿರುಗಾಳಿ ತೋರಿಸಾಣ ಅಣ್ಣ. ಆದ್ರೆ ಬಯಲಲ್ಲಿ, ವ್ಯಾನು ಪಕ್ಕದಲ್ಲೇ ಇರ್ಬೇಕು. ಗುಡುಗು ಕೇಳಿದ್ಮೇಲೆ ಬೋಳುಬಂಡೆ ಮೇಲೆ ನಾನೂ ಇರಲ್ಲ, ಯಾರ್ನೂ ಇರ್ಸಲ್ಲ. ಸಿಡಿಲಿಗೆ ಟೆಂಟು ಯಾವ ಲೆಕ್ಕ?"

"ಸರಿ ಕಣಮ್ಮ, ನೀನು ಹೇಳ್ದಂಗೇ ಆಗ್ಲಿ" ಎಂದ. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆದರೂ ಬಂಡೆಯ ಮೇಲೆ ಒಂದು ಪರೀಕ್ಷೆ ಬಾಕಿಯಿತ್ತು. ನಮ್ಮ ಕಡೆಯ ಗುಡ್ಡಗಳೆಲ್ಲ ಹುಟ್ಟುಬಂಡೆ. ಅಲ್ಲಿ ಗೂಟ ಇಳಿಯುವುದಿಲ್ಲ. ಬರೀ ಕಲ್ಲು ಹೇರಿ ಟೆಂಟು ನಿಲ್ಲಿಸಲು ಆಗುತ್ತದೆಯೇ, ಸಾಧಾರಣ ಗಾಳಿಗೆ, ತುಂತುರಿಗೆ ಒಂದು ರಾತ್ರಿ ತಡೆಯುತ್ತದೆಯೇ ನೋಡಬೇಕಿತ್ತು. ಪುರವರದ ಹತ್ತಿರದ ಒಂದು ಗುಡ್ಡವನ್ನು ಆರಿಸಿದೆವು. ನೆತ್ತಿಗಿಂತ ಸ್ವಲ್ಪ ಕೆಳಗೆ ಚಪ್ಪಟೆ ಬಂಡೆಯೊಂದಿದೆ. ಫೋನಿಗೆ ಸಿಗ್ನಲ್ಲೂ ಸಿಗುತ್ತದೆ. ತೊಂದರೆ ಒಂದೇ. ಉತ್ತರಕ್ಕೆ ನೆತ್ತಿಯ ಬಂಡೆ ಗೋಡೆಯಂತೆ ಎದ್ದಿರುವುದರಿಂದ ಪಾವಗಡದ ಕಡೆ ಮೋಡ ಕಟ್ಟಿದರೆ ಅಲ್ಲಿ ಕೂತವರಿಗೆ ಕಾಣುವುದಿಲ್ಲ. ಆಗೆಲ್ಲ ದೊಡ್ಡ ಮಳೆ ಬರುತ್ತಿದ್ದದ್ದು ಅದೇ ಕಡೆಯಿಂದ. ಅದಕ್ಕೇ ಅಣ್ಣ ಕೆಳಗೆ ರಸ್ತೆಯಲ್ಲಿ ವ್ಯಾನಿನಲ್ಲಿದ್ದು, ಆಕಾಶ ನೋಡುತ್ತ, ಫೋನಿನಲ್ಲಿ ಮೋಡದ ನಕ್ಷೆ ನೋಡುತ್ತ ನನಗೆ ಹೇಳಬೇಕು. ಅನುಮಾನ ಬಂದರೂ ಸಾಕು, ಹೇಳಬೇಕು. ಹಾಗಂತ ಮಾತಾಯಿತು.

ಅಷ್ಟರಲ್ಲಿ ಮತ್ತೊಂದು ಬೇಸಿಗೆ ಬಂದಿತ್ತು. ಅವತ್ತು ಹತ್ತುವ ಮೊದಲು ಸೆಖೆ ವಿಪರೀತವಾಗಿತ್ತು. ಒಂದೆಲೆಯೂ ಅಲುಗುತ್ತಿರಲಿಲ್ಲ. ನನಗೆ ಯಾಕೋ ಸರಿಬರಲಿಲ್ಲ.

"ಅಣ್ಣ, ಮೋಡ ಹೆಂಗೈತೆ ನೋಡು."

ಅವನು ಫೋನು ನೋಡಿದ. ತುಸು ಹೆಚ್ಚು ಹೊತ್ತೇ ನೋಡಿದ. "ಏನಿಲ್ಲ ಕಣಮ್ಮ. ತುಂತುರು ಬಂದ್ರೆ ಬಂತು. ಗಾಳಿ ಚೂರು ಬೀಸ್ತದೆ, ನಿಂಗೂ ಅದೇ ತಾನೆ ಬೇಕಾಗಿರಾದು? ನೀನು ಹತ್ತು, ನಾನಿಲ್ಲೇ ಇರ್ತೀನಿ."

ನಾನು ಅವನ ಕೈಯಿಂದ ಫೋನು ಇಸಿದುಕೊಂಡು ನೋಡಲಿಲ್ಲ. ನೋಡಬೇಕು ಅನ್ನಿಸಲೂ ಇಲ್ಲ.

ಮೇಲೆ ಹೋಗಿ ಕೆಲಸಕ್ಕೆ ಇಳಿದೆ. ನೀರು ನಿಲ್ಲುವ ತಗ್ಗನ್ನು ಬಿಟ್ಟು, ತುಸು ಉಬ್ಬಿದ ಜಾಗ ಹುಡುಕಿದೆ. ಟೆಂಟನ್ನು ಹಾಸಿ, ಬಾಗಿಲು ದಕ್ಷಿಣಕ್ಕೆ ಬರುವಂತೆ ತಿರುಗಿಸಿದೆ. ನಾಲ್ಕು ಮೂಲೆ ಸರಿಯಾದ ಚೌಕವಾಗದಿದ್ದರೆ ಒಂದು ಗೋಡೆ ಬಿಗಿ, ಒಂದು ಗೋಡೆ ಸಡಿಲವಾಗುತ್ತದೆ. ಹಾಗಾಗಿ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಎರಡು ಸಲ ಅಳೆದೆ. ಪ್ರತಿ ಮೂಲೆಯ ಹಗ್ಗವನ್ನೂ ಉದ್ದ ಬಿಟ್ಟು, ತುದಿಗೆ ಒಂದು ಚಿಕ್ಕ ಕಲ್ಲು ಕಟ್ಟಿ, ಅದಕ್ಕೂ ಟೆಂಟಿಗೂ ನಡುವೆ, ಹಗ್ಗದ ಮೇಲೆ, ನಾನು ಉರುಳಿಸಬಲ್ಲ ದೊಡ್ಡ ಕಲ್ಲು ಇಟ್ಟೆ. ಗಾಳಿ ಎಳೆದಷ್ಟೂ ಚಿಕ್ಕ ಕಲ್ಲು ದೊಡ್ಡದರ ಬುಡಕ್ಕೆ ಸಿಕ್ಕಿಕೊಂಡು ಬಿಗಿಯುತ್ತದೆ. ಆಮೇಲೆ ಒಳಗೆ ನುಸುಳಿ, ಕಂಬದ ಕೆಳಗೆ ಒಂದು ಚಪ್ಪಟೆ ಕಲ್ಲಿಟ್ಟು, ಕಂಬವನ್ನು ಎತ್ತಿ ನಿಲ್ಲಿಸಿದೆ. ಬಟ್ಟೆ ಪಟ್ಟನೆ ಬಿಗಿದು ಮನೆಯಾಯಿತು. ನಡುಗೋಡೆಯ ಕುಣಿಕೆಗಳಿಗೂ ಕಲ್ಲು ಕಟ್ಟಿ, ಕೊನೆಗೆ ಕಂಬವನ್ನು ಎರಡು ಬೆರಳಷ್ಟು ತಗ್ಗಿಸಿ, ಗೋಡೆಯ ಅಂಚು ಬಂಡೆಗೆ ತಾಗುವಂತೆ ಮಾಡಿದೆ. ತುದಿಯ ಗಾಳಿಕಿಂಡಿ ಮಾತ್ರ ತೆರೆದಿಟ್ಟೆ, ಇಲ್ಲದಿದ್ದರೆ ಉಸಿರಿನ ತೇವವೇ ಒಳಗೆ ಹನಿಯುತ್ತದೆ.

ಕೂತು ನೋಡಿದೆ. ನಿಜ ಹೇಳುತ್ತೇನೆ, ಹೆಮ್ಮೆಯಾಯಿತು. ಅಣ್ಣನಿಗೆ ಫೋನ್ ಮಾಡಿ ನಿಂತಿದೆ ಎಂದೆ. "ಭೇಷ್" ಎಂದ. ಮೋಡ ಹೇಗಿದೆ ಎಂದು ಮತ್ತೆ ಕೇಳಿದೆ. "ಆರಾಮಾಗಿ ಇರು ಕಣಮ್ಮ" ಎಂದ.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಬೆಳಕು ಬೂದಿ ಬಣ್ಣಕ್ಕೆ ತಿರುಗಿತು. ನೆತ್ತಿಯ ಬಂಡೆಯ ಮೇಲಿಂದ ಮೋಡ ಒಮ್ಮೆಲೇ ಇಣುಕಿ, ನಾನು ನೋಡುತ್ತಿದ್ದಂತೆಯೇ ತಲೆಯ ಮೇಲೆ ಬಂತು. ಮೊದಲು ತಣ್ಣನೆಯ ಗಾಳಿ, ಆಮೇಲೆ ಧೂಳು, ಆಮೇಲೆ ದಪ್ಪ ಹನಿ. ಒಳಗೆ ಹೋಗಿ ಜಿಪ್ ಎಳೆದುಕೊಂಡೆ. ಗಾಳಿ ಟೆಂಟನ್ನು ಒಂದು ಕಡೆಯಿಂದ ಒತ್ತಿತು, ಬಿಟ್ಟಿತು, ಇನ್ನೊಂದು ಕಡೆಯಿಂದ ಒತ್ತಿತು. ಕಂಬವನ್ನು ಹಿಡಿದುಕೊಂಡೆ. ಅದು ಕೈಯೊಳಗೆ ಸಣ್ಣಗೆ ನಡುಗುತ್ತಿತ್ತು, ಆದರೆ ಕದಲಲಿಲ್ಲ. ಆಲಿಕಲ್ಲು ಬಿದ್ದವು. ಒಂದು ಹನಿಯೂ ಒಳಗೆ ಬರಲಿಲ್ಲ. ಅಷ್ಟು ತಿಂಗಳ ಕೆಲಸ ಕಣ್ಣ ಮುಂದೆ ಸಫಲವಾಗಿ ನಿಂತಿತ್ತು.

ಆಗ ಗುಡುಗಿತು. ದೂರದಲ್ಲಿ. ಅಣ್ಣನಿಗೆ ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಅವನಿಗೇ ಏನಾದರೂ ಆಯಿತೇನೋ ಎಂದು ಗಾಬರಿಯಾಯಿತು. ಇನ್ನೊಂದು ಮಿಂಚು ಬಟ್ಟೆಯ ಮೂಲಕವೇ ಒಳಗೆಲ್ಲ ಬೆಳ್ಳಗೆ ತುಂಬಿತು, ಅದರ ಬೆನ್ನಿಗೇ ಶಬ್ದ. ಮುಂದಿನದು ಇನ್ನೂ ಹತ್ತಿರ.

ಒಳಗೆ ಒಣಗಿದ ಚಾಪೆ, ಬೆಚ್ಚನೆಯ ಗಾಳಿ. ಹೊರಗೆ ಜಾರುವ ಬಂಡೆ, ಆಲಿಕಲ್ಲು. ಇಲ್ಲೇ ಇದ್ದುಬಿಡು ಎಂದು ಮೈಯ ಒಂದೊಂದು ಮೂಳೆಯೂ ಹೇಳುತ್ತಿತ್ತು. ಟೆಂಟು ಅಷ್ಟು ಚೆನ್ನಾಗಿ ನಿಂತಿದ್ದದ್ದೇ ಅಪಾಯವಾಗಿತ್ತು. ಹರಿದು ಹಾರಿಹೋಗಿದ್ದರೆ ಯೋಚನೆ ಮಾಡದೆ ಓಡುತ್ತಿದ್ದೆ. ಇಡೀ ಗುಡ್ಡದ ಬೋಳು ಮೈಮೇಲೆ, ಲೋಹದ ಕೋಲು ನಿಲ್ಲಿಸಿಕೊಂಡು, ಅದನ್ನೇ ತಬ್ಬಿ ಕೂತಿದ್ದೇನೆ ಎಂಬುದು ತಲೆಗೆ ಹೊಳೆದ ಕ್ಷಣ ಕಂಬ ಬಿಟ್ಟೆ. ಜಿಪ್ ಎಳೆದು ಹೊರಬಿದ್ದೆ, ರೂಢಿಯ ಕೈ ಅದನ್ನು ಹಿಂದೆಯೇ ಮುಚ್ಚಿತು. ಚೀಲ, ಫೋನು ಯಾವುದನ್ನೂ ತೆಗೆದುಕೊಳ್ಳಲಿಲ್ಲ.

ನೆಟ್ಟಗೆ ನಿಲ್ಲದೆ, ಕೂತು, ಜಾರಿ, ತೆವಳಿ, ಮೇಕೆಗಳ ದಾರಿ ಹಿಡಿದು ಇಳಿದೆ. ಒಂಟಿ ಮರ ಕಂಡ ಕಡೆಯೆಲ್ಲ ಸುತ್ತು ಹಾಕಿದೆ. ಬಂಡೆಯಿಂದ ಕೆನ್ನೀರು ಝರಿಯಾಗಿ ಇಳಿಯುತ್ತಿತ್ತು. ಎರಡು ಸಲ ಬಿದ್ದೆ, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಬುಡದಲ್ಲಿ ಒಂದು ಮನೆ, ಬಾಗಿಲು ತೆರೆದಿತ್ತು. ಮೇಕೆ ಸಾಕುವ ಹೆಂಗಸಿನ ಮನೆ ಅದು. ಹಿಂದೆ ಅಣ್ಣನ ಜೊತೆ ಬಂದಾಗ ಒಂದೆರಡು ಸಲ ದಾರಿಯಲ್ಲಿ ಮಾತಾಡಿಸಿದ್ದೆ.

"ಅಯ್ಯೋ ನನ್ ತಾಯಿ, ಒಳಿಕ್ ಬಾ, ಒಳಿಕ್ ಬಾ" ಎಂದು ರಟ್ಟೆ ಹಿಡಿದು ಎಳೆದುಕೊಂಡಳು. ಒಣಗಿದ ಸೀರೆ ಕೊಟ್ಟಳು, ಒಲೆ ಮುಂದೆ ಕೂರಿಸಿದಳು. ಮೂಲೆಯಲ್ಲಿ ಮೇಕೆಗಳೆಲ್ಲ ಒತ್ತೊತ್ತಾಗಿ ನಿಂತಿದ್ದವು.

"ಇಷ್ಟು ಮಳೆ ಬತ್ತೈತೆ ಅಂತ ಗೊತ್ತಿದ್ರೂ ಅದ್ಯಾಕವ್ವ ಬಂಡೆ ಮ್ಯಾಲೆ ಕುಂತಿದ್ದೆ?"

"ಗೊತ್ತಿರ್ಲಿಲ್ಲ ಅಕ್ಕ."

ಅವಳು ಕಾಫಿ ಸೋಸುತ್ತಿದ್ದ ಕೈ ನಿಲ್ಲಿಸಿದಳು. "ನಿಮ್ಮಣ್ಣ ಮಧ್ಯಾಹ್ನವೇ ಬಂದು ಹೇಳ್ಬುಟ್ಟು ಹೋದ್ನಲ್ಲ? ಪಾವಗಡದ ಕಡೆಯಿಂದ ಭಾರೀ ಮಳೆ ಬತ್ತೈತೆ, ಸಿಡ್ಲೂ ಐತಂತೆ, ಮೇಕೆ ಬುಡಬ್ಯಾಡಿ, ಒಳಗೆ ಕಟ್ಕಳಿ ಅಂತ. ಅವ್ನು ಹೇಳಿದ್ಕೇ ನಾನು ಇವನ್ನೆಲ್ಲ ಬ್ಯಾಗ ಹೊಡ್ಕಂಡ್ ಬಂದದ್ದು. ಮ್ಯಾಲೆ ನಿಮ್ ಹುಡ್ಗಿ ಅವ್ಳಲ್ಲಪ್ಪ ಅಂದೆ. ಅವ್ಳಿಗೆಲ್ಲ ಗೊತ್ತು ಕಣಕ್ಕ, ಅಂದ."

ನನಗೆ ಮೊದಲು ಅರ್ಥವಾಗಲಿಲ್ಲ. ಬೇರೆ ಯಾರೋ ಇರಬೇಕು ಎಂದುಕೊಂಡೆ. ಹೇಗಿದ್ದರು, ಯಾವ ವ್ಯಾನು ಎಂದೆಲ್ಲ ಕೇಳಿದೆ. ಅವನೇ. ವ್ಯಾನು ರಸ್ತೆಯ ತಿರುವಿನಲ್ಲಿ ಗುಡ್ಡಕ್ಕೆ ಮುಖ ಮಾಡಿ ನಿಂತಿತ್ತಂತೆ, ಕಿಟಕಿಯಲ್ಲಿ ಉದ್ದ ಮೂತಿಯ ಕ್ಯಾಮೆರಾ ಇಟ್ಟುಕೊಂಡಿದ್ದನಂತೆ. ಕತ್ತಲಾಗುವ ಹೊತ್ತಿಗೆ ಹೊರಟುಹೋದನಂತೆ.

ಕಾಫಿ ಲೋಟವನ್ನು ಒಲೆಯ ಪಕ್ಕ ಇಟ್ಟೆ. ಯಾರದೋ ಮೇಕೆಗಳು ನೆನೆಯಬಾರದು ಎಂದು ಮನೆ ಬಾಗಿಲಿಗೆ ಹೋಗಿ ಹೇಳಿದವನು, ನಾನು ಫೋನಿನಲ್ಲಿ ಕೇಳಿದಾಗ ಆರಾಮಾಗಿ ಇರು ಎಂದಿದ್ದ. ನನಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಯಾಕೆ ನಾಚಿಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

"ನಂಬರ್ ಹೇಳಿದ್ರೆ ಅವ್ನಿಗೊಂದು ಫೋನ್ ಮಾಡ್ಲೇನವ್ವ, ಇಲ್ಲೇ ಅವ್ಳೆ ಅಂತ?"

"ಬ್ಯಾಡ ಅಕ್ಕ" ಎಂದೆ.

ಬೆಳಕು ಹರಿದ ಮೇಲೆ ಸಾಮಾನು ತರಲು ಹತ್ತಿದೆ. ಮಳೆ ತೊಳೆದ ಬಂಡೆ ಮಿರುಗುತ್ತಿತ್ತು. ಕೊನೆಯ ಏರು ಹತ್ತಿ ತಲೆ ಎತ್ತಿದರೆ ಟೆಂಟು ಹಾಗೆಯೇ ನಿಂತಿತ್ತು. ಮೂಡಲ ಕಡೆಯ ಒಂದು ಕಲ್ಲು ಮಾತ್ರ ಸ್ವಲ್ಪ ಸರಿದಿತ್ತು. ಟೆಂಟಿನ ಮುಂದೆ ಅಣ್ಣ ನಿಂತಿದ್ದ. ಬೆನ್ನು ನನ್ನ ಕಡೆಗಿತ್ತು. ಕುತ್ತಿಗೆಯಲ್ಲಿ ಕ್ಯಾಮೆರಾ, ಕಿವಿಗೆ ಫೋನು. ಟೆಂಟಿನೊಳಗೆ ನನ್ನ ಫೋನು ರಿಂಗಾಗುತ್ತಿತ್ತು.

"ಎದ್ದೇಳಮ್ಮ, ಬೆಳಕಾತು" ಎಂದ, ನಗುವ ದನಿಯಲ್ಲಿ.

ರಿಂಗು ನಿಂತಿತು. ಮತ್ತೆ ಮಾಡಿದ. ಒಳಗೆ ಮತ್ತೆ ರಿಂಗಾಯಿತು.

"ಏಯ್... ಎದ್ದೇನಮ್ಮ?"

ಈ ಸಲ ದನಿಯಲ್ಲಿ ನಗು ಇರಲಿಲ್ಲ. ಬಗ್ಗಿ ಜಿಪ್ಪಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಹಿಂದಕ್ಕೆ ತೆಗೆದುಕೊಂಡ. ಮತ್ತೆ ಚಾಚಿದ, ಮತ್ತೆ ತೆಗೆದುಕೊಂಡ. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು ಬಂಡೆಯ ಮೇಲೆ ಕುಸಿದು ಕೂತು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ತೆರೆದು ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಒಳಗೆ ಏನಿರಬಹುದು ಎಂದು ಅವನಿಗೆ ಗೊತ್ತಿತ್ತು. ಹಿಂದಿನ ದಿನ ಮಧ್ಯಾಹ್ನವೂ ಗೊತ್ತಿತ್ತು. ಅದನ್ನು ಕಂಡ ಮೇಲೆ ನನಗೆ ಕೇಳಲು ಏನೂ ಉಳಿಯಲಿಲ್ಲ.

"ನಾನು ಒಳಗಿಲ್ಲಣ್ಣ" ಎಂದೆ.

ಬೆಚ್ಚಿ ತಿರುಗಿದ. ಮುಖ ಸುಣ್ಣದಂತಾಗಿತ್ತು. "ಬದುಕಿದೀಯೇನಮ್ಮ!"

"ಯಾಕೆ, ಸತ್ತಿರ್ತೀನಿ ಅಂದ್ಕಂಡಿದ್ಯಾ?"

ಓಡಿ ಬಂದು ನನ್ನ ಕೈ ಹಿಡಿದು ಅಳಲು ಶುರುಮಾಡಿದ. ಕೈ ಬಿಡಿಸಿಕೊಂಡೆ.

"ಮೇಕೆಯವ್ರಿಗೆ ಹೇಳ್ದೆ. ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹತ್ತುತಿರ್ಲಿಲ್ಲ."

ಅಷ್ಟೇ. ಬೇರೆ ಕಾರಣ ಕೊಡಲು ಪ್ರಯತ್ನಿಸಲೂ ಇಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಟೆಂಟಿನ ಕಡೆ ಕೈ ತೋರಿಸಿ ಹೇಳಿದ: "ನೋಡು, ಹೆಂಗೆ ನಿಂತೈತೆ. ಏನೂ ಆಗಿಲ್ಲ. ನೀನು ಒಳಗಿದ್ದಿದ್ರೂ ಏನೂ ಆಗ್ತಿರ್ಲಿಲ್ಲ ಕಣಮ್ಮ. ನಿನ್ನ ಕೈ ಮೇಲೆ ನಂಗೆ ಅಷ್ಟು ನಂಬಿಕೆ."

ನಂಬಿಕೆ ಎಂಬ ಮಾತು ಅವನ ಬಾಯಲ್ಲಿ ಬಂದದ್ದು ಕೇಳಿ ಟೆಂಟಿನ ಕಡೆ ನೋಡಿದೆ. ಅದನ್ನು ಅವನು ಸಮಾಧಾನ ಎಂದುಕೊಂಡನೇನೋ. ದನಿ ತಗ್ಗಿಸಿದ.

"ಗಾಳಿ ಹೊಡೆದದ್ದೆಲ್ಲ ಚೆನ್ನಾಗಿ ಬಂದೈತೆ. ಮಳೆ ಜೋರಾದ್ಮೇಲೆ ಏನೂ ಕಾಣ್ಲಿಲ್ಲ, ನೀನು ಇಳಿದದ್ದೂ ಕಾಣಲ್ಲ. ಒಂದೇ ನಿಮಿಷ ಕಣಮ್ಮ. ಒಳಗೋಗಿ, ಜಿಪ್ ತೆಗೆದು ಆಚೆ ಬಾ. ಇಂಗೆ ಮೈ ಮುರಿದು, ನಿದ್ದೆಯಿಂದ ಎದ್ದಂಗೆ. ಅಷ್ಟು ಸಾಕು."

ನಾನು ಟೆಂಟಿನ ಕಡೆ ನಡೆದೆ. ಜಿಪ್ ಎಳೆದು ಒಳಗೆ ಹೋದೆ. ಹಿಂದೆ ಅವನು ಕ್ಯಾಮೆರಾ ಎತ್ತಿಕೊಂಡದ್ದು ಗೊತ್ತಾಯಿತು. ಚಾಪೆ ಒಣಗಿಯೇ ಇತ್ತು. ಫೋನು ತೆಗೆದು ಜೇಬಿಗೆ ಹಾಕಿಕೊಂಡೆ, ಚೀಲ ಹೆಗಲಿಗೇರಿಸಿದೆ. ನಡುಗಂಬವನ್ನು ಎರಡೂ ಕೈಯಲ್ಲಿ ಹಿಡಿದು ಚಪ್ಪಟೆ ಕಲ್ಲಿನಿಂದ ಪಕ್ಕಕ್ಕೆ ಜಾರಿಸಿದೆ. ಇಡೀ ಬಿರುಗಾಳಿಗೆ ಬೀಳದ ಟೆಂಟು ಉಸ್ಸೆಂದು ನನ್ನ ಮೈಮೇಲೆ ಇಳಿಯಿತು.

"ಏಯ್! ಏನ್ಮಾಡ್ದೆ!" ಎಂದು ಹೊರಗೆ ಕೂಗು ಕೇಳಿಸಿತು.

ಬಟ್ಟೆಯ ಅಡಿಯಿಂದ ತೆವಳಿ ಹೊರಬಂದೆ. ಒಂದೊಂದೇ ಕಲ್ಲು ಉರುಳಿಸಿದೆ, ಹಗ್ಗ ಬಿಚ್ಚಿದೆ, ಗಂಟಾಗದಂತೆ ಸುತ್ತಿದೆ. ಬಟ್ಟೆಯ ನೀರು ಒದರಿ ಮಡಚಿದೆ. ಆತುರಪಡಲಿಲ್ಲ, ಅದು ನನಗೆ ಬರುವ ಕೆಲಸ. ಅವನು ಏನೇನೋ ಹೇಳುತ್ತಲೇ ಇದ್ದ. ಎಷ್ಟು ಕಷ್ಟಪಟ್ಟಿದ್ದೇವೆ ಎಂದ. ನಿನ್ನ ಹೆಸರನ್ನೂ ಹಾಕಿಸುತ್ತಿದ್ದೆ ಎಂದ. ಕೊನೆಗೆ ತಪ್ಪಾಯಿತು ಎಂದೂ ಹೇಳಿದ. ಮಡಚಿದ ಟೆಂಟನ್ನು ಅವನ ಕಾಲ ಬಳಿ ಇಟ್ಟು, ಕಂಬದ ಎರಡು ಕೋಲುಗಳು ನನ್ನವಾದ್ದರಿಂದ ಅವನ್ನು ಬಿಡಿಸಿಕೊಂಡು, ಇಳಿದು ಬಂದೆ. ಆಮೇಲೆ ಶಿರಾದ ಆ ಬೀದಿಗೆ ಹೋಗಿಲ್ಲ.

ಕೆಲವು ವಾರಗಳ ನಂತರ ಆ ಚಾರಣ ಸಂಸ್ಥೆಯ ಹೆಂಗಸೊಬ್ಬರು ಫೋನ್ ಮಾಡಿದರು. ವಿಡಿಯೋ ನೋಡಿದ್ದರಂತೆ.

"ಒಳಗೆ ಇದ್ದದ್ದು ನೀವೇ ಅಂತೆ ಮೇಡಂ? ಟೆಂಟು ನಿಜವಾಗ್ಲೂ ನಿಂತಿತ್ತಾ?"

"ನಿಂತಿತ್ತು. ನಾನು ಒಳಗೆ ಇರಲಿಲ್ಲ. ಸಿಡಿಲಿಗೆ ಹೆದರಿ ಅರ್ಧಕ್ಕೇ ಇಳಿದೆ. ಮಳೆ ಬರುತ್ತೆ ಅಂತ ಗೊತ್ತಿದ್ದೂ ನನಗೆ ಹೇಳದೆ ಮೇಲೆ ಕಳಿಸಿದ್ದರು."

ಅವರು ಬಹಳ ಮೆತ್ತಗೆ ಹೇಳಿದರು: "ಅಯ್ಯೋ, ಹಾಗೆ ಮಾಡಬಾರದಿತ್ತು. ಆದ್ರೆ ಅದು ನಿಮ್ಮಿಬ್ಬರ ನಡುವಿನ ವಿಷಯ ಅಲ್ವಾ ಮೇಡಂ? ಟೆಂಟು ಹೇಗಿದೆ ಹೇಳಿ, ತಗೋಬಹುದಾ?"

ನನ್ನ ಗುಂಪಿನ ಹುಡುಗಿಯರ ಮೇಲೆ ಬಟ್ಟೆ ಕುಸಿದುಬಿದ್ದದ್ದು ನೆನಪಾಯಿತು. ಅವರ ಗುಂಪುಗಳಲ್ಲೂ ಅಂಥವರೇ ಇರುತ್ತಾರೆ. ಬಂಡೆಯ ಮೇಲೆ ಹೇಗೆ ಕಲ್ಲು ಕಟ್ಟಬೇಕು, ಕಂಬ ಎಷ್ಟು ತಗ್ಗಿಸಬೇಕು, ಗುಡುಗು ಕೇಳಿದರೆ ಟೆಂಟು ಎಷ್ಟೇ ಗಟ್ಟಿಯಿದ್ದರೂ ಬಿಟ್ಟು ಇಳಿಯಬೇಕು ಎಂಬುದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವರು ಬರೆದುಕೊಂಡರು.

"ತಗೊಳ್ಳಿ" ಎಂದೆ. "ಟೆಂಟು ಒಳ್ಳೇದು."